ಚಾಲನೆಯಲ್ಲಿರುವ ಕರ್ನೆಲ್‌ಗೆ ಲೈವ್ ಪ್ಯಾಚ್: ಕಂಪೈಲರ್‌ಗೆ ಯಾವ ಆಯ್ಕೆ ಕೊಡಬೇಕು?

ಶಾಲ್ಮಲಾತೀರ (ಶಿರಸಿ):

ಶಿರಸಿಯ ಸಹಕಾರ ಸಂಘವೊಂದರ ಎರಡು ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ತೂಕದ ಯಂತ್ರಗಳಿಂದ ಬರುವ ಲೆಕ್ಕ, ಅಡಿಕೆಯ ರಾಶಿ, ಚಾಲಿ, ಬೆಟ್ಟೆಗಳ ಆ ದಿನದ ದರ, ಸದಸ್ಯರ ಖಾತೆ ಎಲ್ಲವೂ ಅವುಗಳ ಮೇಲೆಯೇ ನಡೆಯುತ್ತವೆ. ಹಳೆಯ ಸೀರಿಯಲ್ ಕಾರ್ಡ್ ಒಂದರ ಡ್ರೈವರ್ ಸಲುವಾಗಿ ಸಿದ್ಧ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಿಟ್ಟು, ನಾವೇ ಜಿಸಿಸಿ ಕಂಪೈಲರ್‌ನಿಂದ ಕಟ್ಟಿಕೊಂಡ ಲಿನಕ್ಸ್ ಕರ್ನೆಲ್ ಬಳಸುತ್ತಿದ್ದೇವೆ. ಅದರಲ್ಲಿ ಲೈವ್‌ಪ್ಯಾಚ್ ಸೌಲಭ್ಯವನ್ನು, ಅಂದರೆ ರೀಬೂಟ್ ಮಾಡದೆಯೇ ಓಡುತ್ತಿರುವ ಕರ್ನೆಲ್‌ನ ಕೋಡ್ ಬದಲಿಸುವ ಅನುಕೂಲವನ್ನು, ಮೊದಲೇ ಸಕ್ರಿಯಗೊಳಿಸಿದ್ದೇನೆ. ಟೆಂಡರ್ ನಡೆಯುವ ಹೊತ್ತಿನಲ್ಲಿ ರೀಬೂಟ್ ಎಂಬ ಮಾತನ್ನು ಎತ್ತುವಂತಿಲ್ಲ.

ಈಗ ನೆಟ್‌ವರ್ಕ್ ಭಾಗದಲ್ಲಿ, ಒಳಬರುವ ಪ್ಯಾಕೆಟ್‌ನ ಉದ್ದವನ್ನು ಪರೀಕ್ಷಿಸುವ ಕಡೆ, ಭದ್ರತೆಯ ತಿದ್ದುಪಡಿಯೊಂದು ಬಂದಿದೆ. ಅದು ಮುಟ್ಟುವುದು ಮೂರು ಸಣ್ಣ ಫಂಕ್ಷನ್‌ಗಳನ್ನು. ತಿದ್ದಿದ ಫಂಕ್ಷನ್‌ಗಳನ್ನು ಒಂದು ಮಾಡ್ಯೂಲ್‌ನಲ್ಲಿ ಬರೆದು, ಹಳೆಯವುಗಳ ಜಾಗದಲ್ಲಿ ಅವು ನಡೆಯುವಂತೆ ನೋಂದಾಯಿಸುವುದು ನನ್ನ ಯೋಚನೆಯಾಗಿತ್ತು. ಆದರೆ ಓಡುತ್ತಿರುವ ಕರ್ನೆಲ್‌ನ ಸಂಕೇತಪಟ್ಟಿಯಲ್ಲಿ, ಅಂದರೆ ಪ್ರಾಕ್ ಅಡಿಯ ಕಾಲ್‌ಸಿಮ್ಸ್ ಕಡತದಲ್ಲಿ, ಹುಡುಕಿದಾಗ ಮೊದಲನೆಯದರ ಹೆಸರಿನ ಕೊನೆಗೆ ‘.ಐಎಸ್‌ಆರ್‌ಎ.0’ ಎಂದೂ ಎರಡನೆಯದರ ಕೊನೆಗೆ ‘.ಕಾನ್ಸ್ಟ್‌ಪ್ರಾಪ್.0’ ಎಂದೂ ಇದೆ. ಮೂರನೆಯದು ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಜಿಸಿಸಿಯ ಕೈಪಿಡಿಯಲ್ಲಿ ‘-ಎಫ್‌ಲೈವ್-ಪ್ಯಾಚಿಂಗ್’ ಎಂಬ ಆಯ್ಕೆ ಕಂಡಿತು. ಕೆಲವು ವರ್ಷ ಹಿಂದಿನ ಕರ್ನೆಲ್‌ನ ಮೇಕ್‌ಫೈಲ್‌ನಲ್ಲಿ ಆ ಆಯ್ಕೆ ಇದೆ, ನನ್ನಲ್ಲಿರುವ ಹೊಸದರಲ್ಲಿ ಇಲ್ಲ. ಅದನ್ನು ನಾನೇ ಸೇರಿಸಿಕೊಳ್ಳಬೇಕೇ? ಒಳ್ಳೆಯದಾಗಿದ್ದರೆ ಅವರೇಕೆ ತೆಗೆದರು? ಬಲ್ಲವರು ತಿಳಿಸಬೇಕೆಂದು ವಿನಂತಿ.

ಕಾಳಿಸಂಗಮ (ಕಾರವಾರ):

ಶಾಲ್ಮಲಾತೀರ ಅವರೆ, ನಿಮ್ಮ ಮೂರು ಫಂಕ್ಷನ್‌ಗಳಿಗೆ ಮೂರು ಬೇರೆ ಬೇರೆ ಗತಿಯಾಗಿರುವುದರಿಂದ ವಿಷಯವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಎಕ್ಸ್86-64 ಯಂತ್ರದಲ್ಲಿ ಕರ್ನೆಲ್ ಅನ್ನು ‘-ಪಿಜಿ’ ಮತ್ತು ‘-ಎಮ್‌ಫೆಂಟ್ರಿ’ ಆಯ್ಕೆಗಳೊಡನೆ ಕಟ್ಟಲಾಗುತ್ತದೆ. ಅದರಿಂದಾಗಿ, ಟ್ರೇಸ್ ಮಾಡಬಾರದೆಂದು ಗುರುತು ಹಾಕಿದವುಗಳನ್ನು ಬಿಟ್ಟು, ಪ್ರತಿಯೊಂದು ಫಂಕ್ಷನ್‌ನ ಬಾಗಿಲಲ್ಲೇ 5 ಬೈಟ್‌ಗಳ ಒಂದು ಕರೆ ಕೂರುತ್ತದೆ. ಬೂಟ್ ಆಗುವಾಗ ಎಫ್‌ಟ್ರೇಸ್ (ಫಂಕ್ಷನ್‌ಗಳ ಕರೆಗಳನ್ನು ಗಮನಿಸುವ ಕರ್ನೆಲ್‌ನದೇ ಸೌಲಭ್ಯ) ಆ ಕರೆಗಳನ್ನೆಲ್ಲ ಏನೂ ಮಾಡದ ಸೂಚನೆಯಾಗಿ ಬದಲಿಸಿಡುತ್ತದೆ. ಲೈವ್ ಪ್ಯಾಚ್ ಹಾಕಿದಾಗ ಆ 5 ಬೈಟ್‌ಗಳು ಮತ್ತೆ ಕರೆಯಾಗುತ್ತವೆ, ಅಲ್ಲಿಂದ ನಿಯಂತ್ರಣವು ಹೊಸ ಫಂಕ್ಷನ್‌ಗೆ ತಿರುಗುತ್ತದೆ. ಆರ್ಮ್64ರಲ್ಲಿ ಇದೇ ಜಾಗವನ್ನು ಕಾಯ್ದಿರಿಸಲು ಜಿಸಿಸಿ 8ರಲ್ಲಿ ಬಂದ ‘-ಎಫ್‌ಪ್ಯಾಚಬಲ್-ಫಂಕ್ಷನ್-ಎಂಟ್ರಿ’ ಬಳಕೆಯಾಗುತ್ತದೆ. ಒಟ್ಟಿನಲ್ಲಿ ಬದಲಾಗುವ ಘಟಕ ಒಂದು ಇಡೀ ಫಂಕ್ಷನ್, ಅದರ ಬಾಗಿಲಿನಿಂದ ಮಾತ್ರ.

ತೊಂದರೆ ಇರುವುದು ಇಲ್ಲಿಯೇ. ಸೋರ್ಸ್‌ನಲ್ಲಿ ನಾವು ಎಳೆದ ಫಂಕ್ಷನ್‌ಗಳ ಗಡಿಯನ್ನು ಉಳಿಸಿಕೊಡುವ ಹೊಣೆ ಕಂಪೈಲರ್‌ಗೆ ಇಲ್ಲ. ನಿಮ್ಮ ಪಟ್ಟಿಯಲ್ಲಿ ಕಾಣದ ಮೂರನೆಯ ಫಂಕ್ಷನ್ ತನ್ನನ್ನು ಕರೆಯುವವರ ಒಳಗೇ ಕರಗಿಹೋಗಿದೆ, ಇನ್‌ಲೈನ್ ಆಗಿದೆ. ಅದಕ್ಕೆ ಬಾಗಿಲೇ ಇಲ್ಲದ ಕಾರಣ, ಅದು ಎಲ್ಲೆಲ್ಲಿ ಕರಗಿದೆಯೋ ಆ ಎಲ್ಲ ಫಂಕ್ಷನ್‌ಗಳನ್ನೂ ನೀವು ಬದಲಿಸಬೇಕಾಗುತ್ತದೆ. ಕಾನ್ಸ್ಟ್‌ಪ್ರಾಪ್ ಎಂದಿರುವುದು, ಯಾವುದೋ ಒಂದು ಆರ್ಗ್ಯುಮೆಂಟ್ ಸದಾ ಅದೇ ಸ್ಥಿರ ಮೌಲ್ಯವೆಂದು ಕಂಡು ಕಂಪೈಲರ್ ಮಾಡಿಕೊಂಡ ವಿಶೇಷ ಪ್ರತಿ. ಐಎಸ್‌ಆರ್‌ಎ ಎಂದಿರುವಲ್ಲಿ ಆರ್ಗ್ಯುಮೆಂಟ್‌ಗಳ ರೂಪವೇ ಬದಲಾಗಿದೆ: ನೀವು ಸ್ಟ್ರಕ್ಚರ್‌ನ ಪಾಯಿಂಟರ್ (ಮೆಮೊರಿಯಲ್ಲಿನ ವಿಳಾಸ) ಕಳಿಸುತ್ತೇವೆಂದು ಬರೆದಿದ್ದರೂ, ಒಳಗೆ ಬೇಕಿರುವುದು ಒಂದೇ ಅಂಶವೆಂದು ನೋಡಿ, ಕಂಪೈಲರ್ ಆ ಅಂಶದ ಮೌಲ್ಯವನ್ನಷ್ಟೇ ರಿಜಿಸ್ಟರ್‌ನಲ್ಲಿ ದಾಟಿಸುತ್ತಿರಬಹುದು. ಪಾಯಿಂಟರ್ ಬರುತ್ತದೆಂದು ನಂಬಿ ಬರೆದ ಹೊಸ ಫಂಕ್ಷನ್ ಆ ಬಾಗಿಲಿಗೆ ನಿಂತರೆ, ಪ್ಯಾಕೆಟ್‌ನ ಉದ್ದದ ಸಂಖ್ಯೆಯನ್ನೇ ವಿಳಾಸವೆಂದುಕೊಂಡು ಓದಲು ಹೋಗುತ್ತದೆ. ಆಮೇಲೆ ಆಗುವುದನ್ನು ಹೇಳಬೇಕಾಗಿಲ್ಲ.

ಇಷ್ಟಾದರೂ ಈ ಮೂರೂ ಕಣ್ಣಿಗೆ ಕಾಣುವ ಬದಲಾವಣೆಗಳು. ಹೆಸರೇ ಎಚ್ಚರಿಸುತ್ತದೆ, ಇಲ್ಲವೇ ಹೆಸರು ಇಲ್ಲದಿರುವುದೇ ಎಚ್ಚರಿಸುತ್ತದೆ. ಗುರುತನ್ನೇ ಬಿಡದ ಬದಲಾವಣೆಗಳ ಬಗ್ಗೆ ದೇವಿಮನೆ ಸರ್ ನನಗಿಂತ ಚೆನ್ನಾಗಿ ಹೇಳಬಲ್ಲರು.

ದೇವಿಮನೆ (ಶಿರಸಿ–ಕುಮಟಾ ದಾರಿ):

ತರಗತಿಯಲ್ಲಿ ಕಂಪೈಲರ್ ವಿಷಯ ಹೇಳುವವನಾದ್ದರಿಂದ ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ಒಂದೇ ಫೈಲಿನೊಳಗೆ ಕಂಪೈಲರ್‌ಗೆ ಕರೆಯುವವನೂ ಕಾಣುತ್ತಾನೆ, ಕರೆಸಿಕೊಳ್ಳುವವನೂ ಕಾಣುತ್ತಾನೆ. ಹಾಗಾಗಿ ಒಬ್ಬನ ಒಳಗನ್ನು ನೋಡಿ ಇನ್ನೊಬ್ಬನ ಬಗ್ಗೆ ತೀರ್ಮಾನ ತೆಗೆದುಕೊಳ್ಳುತ್ತದೆ. ಮಿತಿಯ ಪಟ್ಟಿಯೊಂದನ್ನು ಓದಿ ಸಂಖ್ಯೆಯನ್ನು ಹಿಂದಿರುಗಿಸುವ ಫಂಕ್ಷನ್ ಇದೆ ಎಂದುಕೊಳ್ಳಿ. ಅದು ಎಲ್ಲಿಯೂ ಏನನ್ನೂ ಬರೆಯುವುದಿಲ್ಲ. ಕರೆಯುವ ಫಂಕ್ಷನ್‌ನಲ್ಲಿ ಒಂದು ಲೂಪ್ ಇದ್ದು, ಪ್ರತಿ ಸುತ್ತಿನಲ್ಲಿಯೂ ಅದೇ ಆರ್ಗ್ಯುಮೆಂಟ್‌ನೊಡನೆ ಇದನ್ನು ಕರೆಯುತ್ತದೆ. ‘-ಎಫ್‌ಐಪಿಎ-ಪ್ಯೂರ್-ಕಾನ್ಸ್ಟ್’ ವಿಶ್ಲೇಷಣೆಯು (ಐಪಿಎ ಎಂದರೆ ಫಂಕ್ಷನ್‌ಗಳ ಗಡಿ ದಾಟಿ ನಡೆಸುವ ವಿಶ್ಲೇಷಣೆ) ಈ ಫಂಕ್ಷನ್ ‘ಪ್ಯೂರ್’, ಅಂದರೆ ಓದುವುದಷ್ಟೇ ಇದರ ಕೆಲಸ ಎಂದು ಕಂಡುಕೊಳ್ಳುತ್ತದೆ. ಲೂಪ್‌ನೊಳಗೆ ಬೇರಾರೂ ಮೆಮೊರಿಗೆ ಬರೆಯದಿದ್ದರೆ, ಲೂಪ್‌ಗೆ ಮುಂಚೆ ಒಮ್ಮೆ ಕರೆದರೆ ಸಾಕೆಂದು ಕರೆಯನ್ನು ಹೊರಗೆ ತಂದಿಡುವ ಹಕ್ಕು ಕಂಪೈಲರ್‌ಗೆ ಬರುತ್ತದೆ. ಈಗ ತಿದ್ದುಪಡಿಯು ಆ ಫಂಕ್ಷನ್‌ಗೆ ‘ಪ್ರತಿ ಕರೆಯಲ್ಲಿಯೂ ಎಣಿಕೆಯೊಂದನ್ನು ಹೆಚ್ಚಿಸು, ಮಿತಿ ದಾಟಿದರೆ ತಿರಸ್ಕರಿಸು’ ಎಂಬ ಸಾಲನ್ನು ಸೇರಿಸಿತು. ಲೈವ್ ಪ್ಯಾಚ್ ಆ ಫಂಕ್ಷನ್ ಅನ್ನು ಸರಿಯಾಗಿಯೇ ಬದಲಿಸಿತು. ಆದರೆ ಕರೆಯುವ ಫಂಕ್ಷನ್ ಹಳೆಯದೇ, ಅದು ಈಗಲೂ ಲೂಪ್‌ಗೆ ಮುಂಚೆ ಒಮ್ಮೆಯಷ್ಟೇ ಕರೆಯುತ್ತದೆ. ಸೋರ್ಸ್ ಓದಿದವರಿಗೆ ಕರೆಯುವ ಫಂಕ್ಷನ್‌ನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ, ಆದ್ದರಿಂದ ಅದನ್ನು ಪ್ಯಾಚಿನ ಪಟ್ಟಿಗೆ ಸೇರಿಸುವ ಯೋಚನೆ ಯಾರಿಗೂ ಬರುವುದಿಲ್ಲ. ಭದ್ರತೆಯ ತಿದ್ದುಪಡಿ ಹಾಕಿದ್ದೇವೆ ಎಂಬ ನೆಮ್ಮದಿಯೊಂದಿಗೆ ರಂಧ್ರವೂ ಹಾಗೆಯೇ ಉಳಿಯುತ್ತದೆ.

ಅಪಾಯ ಎದುರು ದಿಕ್ಕಿನಿಂದಲೂ ಬರುತ್ತದೆ. ಒಂದು ಸ್ಟ್ಯಾಟಿಕ್ (ತನ್ನ ಫೈಲಿನೊಳಗಷ್ಟೇ ಹೆಸರು ಕಾಣುವ) ಫಂಕ್ಷನ್ ಅನ್ನು ಕರೆಯುವವರೆಲ್ಲ 0ಯಿಂದ 7ರ ಒಳಗಿನ ಸಂಖ್ಯೆಯನ್ನೇ ಕಳಿಸುತ್ತಾರೆ ಎಂದು ‘-ಎಫ್‌ಐಪಿಎ-ವಿಆರ್‌ಪಿ’ ಕಂಡುಕೊಂಡರೆ, ಆ ಫಂಕ್ಷನ್‌ನೊಳಗಿದ್ದ ‘7ಕ್ಕಿಂತ ಹೆಚ್ಚಿದ್ದರೆ ಹಿಂತಿರುಗು’ ಎಂಬ ಪರೀಕ್ಷೆಯನ್ನೇ ಕಿತ್ತುಹಾಕಬಹುದು. ನಾಳೆ ನೀವು ತಿದ್ದಿದ ಹೊಸ ಕರೆಗಾರ 9ನ್ನು ಕಳಿಸಿದರೆ, ಸೋರ್ಸ್‌ನಲ್ಲಿ ಕಾಣುವ ರಕ್ಷಣೆ ಯಂತ್ರದಲ್ಲಿ ಇರುವುದಿಲ್ಲ. ಒಂದೇ ರೀತಿಯ ಒಳಗುಳ್ಳ ಎರಡು ಫಂಕ್ಷನ್‌ಗಳನ್ನು ‘-ಎಫ್‌ಐಪಿಎ-ಐಸಿಎಫ್’ ಒಂದಾಗಿಸಿದ್ದರೆ, ಒಂದಕ್ಕೆ ಹಾಕಿದ ಪ್ಯಾಚ್ ಇನ್ನೊಂದನ್ನೂ ಹಿಡಿಯಬಹುದು.

‘-ಎಫ್‌ಐಪಿಎ-ಆರ್‌ಎ’ ವಿಷಯದಲ್ಲಿ ಮಾತ್ರ ಹಲವರು ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ. ಕರೆಸಿಕೊಳ್ಳುವ ಫಂಕ್ಷನ್ ಯಾವ ರಿಜಿಸ್ಟರ್‌ಗಳನ್ನು ಮುಟ್ಟುವುದಿಲ್ಲವೋ ನೋಡಿಕೊಂಡು, ಕರೆಯುವವನು ತನ್ನ ಮೌಲ್ಯವನ್ನು ಬೇರೆಡೆ ಉಳಿಸದೆ ಅವುಗಳಲ್ಲಿಯೇ ಬಿಟ್ಟಿರುವ ತಂತ್ರ ಅದು. ಹೊಸ ಫಂಕ್ಷನ್ ಆ ರಿಜಿಸ್ಟರ್ ಅನ್ನು ಮುಟ್ಟಿದರೆ ಮೌಲ್ಯ ಕೆಡುತ್ತದೆ ನಿಜ. ಆದರೆ ‘-ಪಿಜಿ’ ಇದ್ದಾಗ ಜಿಸಿಸಿ ಈ ತಂತ್ರವನ್ನು ತಾನಾಗಿಯೇ ಬಿಟ್ಟುಬಿಡುತ್ತದೆಂದು ಕೈಪಿಡಿಯೇ ಹೇಳುತ್ತದೆ.

ಅಘನಾಶಿನಿ (ಕುಮಟಾ):

ಎಲ್ಲವೂ ಸರಿ ಮಾರಾಯರೆ, ಆದರೆ ಇದರ ಅಗತ್ಯವಿದೆಯೇ ಎಂಬುದನ್ನು ಯಾರೂ ಕೇಳಲಿಲ್ಲ. ಉಬುಂಟು, ರೆಡ್ ಹ್ಯಾಟ್, ಸೂಸೆ, ಒರಾಕಲ್ ಎಲ್ಲರೂ ತಮ್ಮ ತಮ್ಮ ಕರ್ನೆಲ್‌ಗಳಿಗೆ ಸಿದ್ಧ ಲೈವ್ ಪ್ಯಾಚ್ ಕೊಡುತ್ತಾರೆ. ಪರೀಕ್ಷೆ ಮಾಡುವ ತಂಡ ಅವರಲ್ಲಿದೆ. ಎರಡು ಸರ್ವರ್ ಇದೆ ಎನ್ನುತ್ತೀರಿ, ಹಾಗಿದ್ದರೆ ಒಂದನ್ನು ರೀಬೂಟ್ ಮಾಡುವಾಗ ಇನ್ನೊಂದು ನಡೆಸಲಿ. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟಿನ ದಯೆಯಿಂದ ಆಗುವ ರೀಬೂಟ್‌ಗಳನ್ನು ಸಹಿಸಿಕೊಂಡ ಸಾಫ್ಟ್‌ವೇರ್, ರಾತ್ರಿ 11ಕ್ಕೆ ನಾವಾಗಿಯೇ ಮಾಡುವ ಒಂದು ರೀಬೂಟ್‌ಗೆ ಅಳುವುದಿಲ್ಲ. ಸಣ್ಣ ಸಂಸ್ಥೆಗೆ ಕೈಯಿಂದ ಬರೆದ ಲೈವ್ ಪ್ಯಾಚ್ ಒಂದು ವಿಲಾಸ ಎಂಬುದು ನನ್ನ ಅಭಿಪ್ರಾಯ.

ಶಾಲ್ಮಲಾತೀರ (ಶಿರಸಿ):

ಅಘನಾಶಿನಿ ಅವರೆ, ರಾತ್ರಿಯ ರೀಬೂಟ್ ನಾವೂ ಮಾಡುತ್ತೇವೆ. ಬೆಳಿಗ್ಗೆ ಹತ್ತಕ್ಕೆ ರಂಧ್ರದ ಸುದ್ದಿ ಬಂದ ದಿನ ಸಂಜೆಯವರೆಗೆ ಏನು ಮಾಡುವುದು ಎಂಬುದಷ್ಟೇ ಪ್ರಶ್ನೆ. ಸೀರಿಯಲ್ ಕಾರ್ಡ್ ಇರುವುದು ಒಂದೇ ಯಂತ್ರದಲ್ಲಿ, ಹಾಗಾಗಿ ಎರಡನೆಯದು ಅದರ ಕೆಲಸಕ್ಕೆ ನಿಲ್ಲುವುದಿಲ್ಲ. ಕಾರ್ಡನ್ನು ಬದಲಿಸುವ ಮಾತು ಆಡಳಿತ ಮಂಡಳಿಯ ಮುಂದಿದೆ.

ಕಾಳಿಸಂಗಮ ಅವರಲ್ಲಿ ಇನ್ನೊಂದು ಪ್ರಶ್ನೆ. ಪ್ಯಾಚ್ ಮಾಡ್ಯೂಲ್ ಕಟ್ಟುವಾಗ ‘-ಎಫ್‌ಲೈವ್-ಪ್ಯಾಚಿಂಗ್’ ಸೇರಿಸಿದರೆ ದೇವಿಮನೆ ಸರ್ ಹೇಳಿದ ಅಪಾಯಗಳೆಲ್ಲ ತಪ್ಪುತ್ತವೆಯೇ?

ಕಾಳಿಸಂಗಮ (ಕಾರವಾರ):

ತಪ್ಪುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿ. ಊಹೆಗಳನ್ನು ಮಾಡಿರುವುದು ಈಗ ಓಡುತ್ತಿರುವ ಮೂಲ ಕರ್ನೆಲ್ ಕಟ್ಟಿದಾಗ. ಆಯ್ಕೆ ಇರಬೇಕಾದದ್ದು ಆಗ. ಇವತ್ತು ಮಾಡ್ಯೂಲ್‌ಗೆ ಅದನ್ನು ಕೊಟ್ಟರೆ ಮಾಡ್ಯೂಲ್‌ನ ಒಳಗಷ್ಟೇ ಕಂಪೈಲರ್ ಸಂಯಮದಿಂದಿರುತ್ತದೆ. ಓಡುತ್ತಿರುವ ಹಳೆಯ ಕರೆಗಾರನ ಲೂಪ್ ಹಾಗೆಯೇ ಇರುತ್ತದೆ.

ಆಯ್ಕೆಯ ಬಗ್ಗೆ ಹೇಳುವುದಾದರೆ, ಅದು 2019ರಲ್ಲಿ ಜಿಸಿಸಿ 9ರೊಂದಿಗೆ ಬಂತು. ಎರಡು ಮಟ್ಟಗಳಿವೆ. ‘ಇನ್‌ಲೈನ್-ಕ್ಲೋನ್’ ಎಂಬ ಮಟ್ಟದಲ್ಲಿ ಇನ್‌ಲೈನ್ ಮಾಡುವುದಕ್ಕೂ ಪ್ರತಿ ಮಾಡಿಕೊಳ್ಳುವುದಕ್ಕೂ ಅವಕಾಶ ಉಂಟು, ಏಕೆಂದರೆ ಅವುಗಳಿಂದ ಯಾವ ಯಾವ ಫಂಕ್ಷನ್‌ಗಳಿಗೆ ಪರಿಣಾಮವಾಯಿತು ಎಂದು ಪಟ್ಟಿ ಮಾಡಲು ಬರುತ್ತದೆ. ಪಟ್ಟಿ ಮಾಡಲು ಬಾರದ ಪ್ಯೂರ್-ಕಾನ್ಸ್ಟ್, ವಿಆರ್‌ಪಿ, ಐಸಿಎಫ್, ಆರ್‌ಎ, ಪಿಟಿಎ, ರೆಫರೆನ್ಸ್, ಬಿಟ್-ಸಿಪಿ ಮುಂತಾದ ಐಪಿಎ ವಿಶ್ಲೇಷಣೆಗಳನ್ನು ಅದು ನಿಲ್ಲಿಸುತ್ತದೆ. ‘ಇನ್‌ಲೈನ್-ಓನ್ಲಿ-ಸ್ಟ್ಯಾಟಿಕ್’ ಎಂಬ ಕಟ್ಟುನಿಟ್ಟಿನ ಮಟ್ಟವು ಸ್ಟ್ಯಾಟಿಕ್ ಫಂಕ್ಷನ್‌ಗಳ ಇನ್‌ಲೈನ್ ಒಂದನ್ನು ಬಿಟ್ಟು ಸಿಪಿ (ಸ್ಥಿರ ಮೌಲ್ಯ ಹರಡುವುದು), ಎಸ್‌ಆರ್‌ಎ (ಆರ್ಗ್ಯುಮೆಂಟ್‌ಗಳ ರೂಪ ಬದಲಿಸುವುದು), ಭಾಗಶಃ ಇನ್‌ಲೈನ್‌ಗಳನ್ನೂ ನಿಲ್ಲಿಸುತ್ತದೆ. ನಿಮ್ಮ ಐಎಸ್‌ಆರ್‌ಎ, ಕಾನ್ಸ್ಟ್‌ಪ್ರಾಪ್ ಬಾಲಗಳು ಆಗ ಕಾಣಿಸುವುದಿಲ್ಲ. ಎರಡೂ ಮಟ್ಟಗಳು ಎಲ್‌ಟಿಒ (ಲಿಂಕ್ ಮಾಡುವಾಗ ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ನೋಡಿ ಸುಧಾರಿಸುವ ಕ್ರಮ) ಜೊತೆಗೆ ನಡೆಯುವುದಿಲ್ಲ.

ಲಿನಕ್ಸ್‌ನವರು 2019ರಲ್ಲಿ ‘ಇನ್‌ಲೈನ್-ಕ್ಲೋನ್’ ಅನ್ನು ಮೇಕ್‌ಫೈಲ್‌ಗೆ ಸೇರಿಸಿ 2021ರಲ್ಲಿ ತೆಗೆದರು. ತಿರುಗಿ ಬಾರದ ಫಂಕ್ಷನ್‌ಗಳು ಕರ್ನೆಲ್‌ನಲ್ಲಿ ಹಲವಿವೆ. ಹಾಗೆಂದು ಗುರುತು ಹಾಕದಿದ್ದರೂ ಒಳಗನ್ನು ನೋಡಿ ಜಿಸಿಸಿ ಅದನ್ನು ಪತ್ತೆಮಾಡುತ್ತಿತ್ತು, ಆ ಕರೆಯ ನಂತರ ಕೋಡ್ ಹುಟ್ಟಿಸುತ್ತಿರಲಿಲ್ಲ. ಪತ್ತೆ ಮಾಡುತ್ತಿದ್ದುದು ಪ್ಯೂರ್-ಕಾನ್ಸ್ಟ್ ವಿಶ್ಲೇಷಣೆಯೇ. ಅದನ್ನು ನಿಲ್ಲಿಸಿದ ಕೂಡಲೇ, ಎಂದೂ ತಲುಪಲಾಗದ ಸತ್ತ ಕೋಡ್ ಆ ಕರೆಗಳ ಹಿಂದೆ ಬೆಳೆಯಿತು. ಆಬ್ಜೆಕ್ಟ್ ಫೈಲ್‌ಗಳನ್ನು ತಪಾಸಣೆ ಮಾಡುವ ಆಬ್ಜ್‌ಟೂಲ್ ‘ತಲುಪಲಾಗದ ಸೂಚನೆ’ ಎಂದು ದೂರತೊಡಗಿತು. ಆ ದೂರು ಬರೀ ಕಿರಿಕಿರಿಯಲ್ಲ ಎಂಬುದಕ್ಕೆ ಕಾರಣ ಸ್ಟ್ಯಾಕ್‌ನ (ಯಾವ ಫಂಕ್ಷನ್ ಯಾವುದನ್ನು ಕರೆದು ಕಾಯುತ್ತಿದೆ ಎಂಬ ದಾಖಲೆಯ) ವಿಷಯ ಬಂದಾಗ ತಿಳಿಯುತ್ತದೆ.

ಹಾಗಾದರೆ ನಿಮ್ಮ ದಾರಿ ಯಾವುದು? ಸೋರ್ಸ್ ನೋಡಿ ಪಟ್ಟಿ ಮಾಡುವ ಕ್ರಮವನ್ನು ಬಿಡಿ, ಕಟ್ಟಿದ ಫಲಿತಾಂಶವನ್ನು ಹೋಲಿಸಿ. ಕೆಪ್ಯಾಚ್-ಬಿಲ್ಡ್ ಎಂಬ ಉಪಕರಣ ಮಾಡುವುದು ಅದನ್ನೇ. ಮೂಲ ಸೋರ್ಸ್ ಅನ್ನೂ ತಿದ್ದಿದ ಸೋರ್ಸ್ ಅನ್ನೂ ‘-ಎಫ್‌ಫಂಕ್ಷನ್-ಸೆಕ್ಷನ್ಸ್’ ಮತ್ತು ‘-ಎಫ್‌ಡೇಟಾ-ಸೆಕ್ಷನ್ಸ್’ ಆಯ್ಕೆಗಳೊಡನೆ ಕಟ್ಟಿದರೆ ಪ್ರತಿ ಫಂಕ್ಷನ್, ಪ್ರತಿ ವೇರಿಯಬಲ್ ತನ್ನದೇ ಸೆಕ್ಷನ್‌ನಲ್ಲಿ ಕೂರುತ್ತದೆ. ಆಮೇಲೆ ಸೆಕ್ಷನ್‌ಗೆ ಸೆಕ್ಷನ್ ಹೋಲಿಸಿ, ಬದಲಾದವುಗಳನ್ನಷ್ಟೇ ಮಾಡ್ಯೂಲ್‌ಗೆ ಎತ್ತಿಕೊಳ್ಳುತ್ತದೆ. ದೇವಿಮನೆ ಸರ್ ಅವರ ಉದಾಹರಣೆಯನ್ನೇ ಇಲ್ಲಿಟ್ಟು ನೋಡಿ: ತಿದ್ದಿದ ಫಂಕ್ಷನ್ ಪ್ಯೂರ್ ಅಲ್ಲವಾದ ಕೂಡಲೇ, ಎರಡನೆಯ ಬಾರಿ ಕಟ್ಟಿದಾಗ ಕರೆಯುವ ಫಂಕ್ಷನ್‌ನ ಕರೆ ಮತ್ತೆ ಲೂಪ್‌ನೊಳಗೆ ಬರುತ್ತದೆ, ಅದರ ಸೂಚನೆಗಳು ಬದಲಾಗುತ್ತವೆ, ಅದೂ ತಾನಾಗಿ ಪಟ್ಟಿಗೆ ಸೇರುತ್ತದೆ. 9 ಕಳಿಸುವ ಉದಾಹರಣೆಯಲ್ಲಿ ಕಿತ್ತುಹಾಕಿದ್ದ ಪರೀಕ್ಷೆ ಮರಳಿ ಬಂದು, ಕರೆಸಿಕೊಳ್ಳುವ ಫಂಕ್ಷನ್ ಕೂಡ ಬದಲಾದದ್ದೆಂದು ಕಾಣುತ್ತದೆ. ಕಂಪೈಲರ್ ಏನನ್ನು ಊಹಿಸಿತು ಎಂದು ನೀವು ತಿಳಿಯಬೇಕಾಗಿಲ್ಲ.

ಇದಕ್ಕೊಂದು ಷರತ್ತಿದೆ, ಅದು ಕಠಿಣವಾದದ್ದು. ಮೊದಲ ಬಾರಿ ಕಟ್ಟಿದ್ದು ಓಡುತ್ತಿರುವ ಕರ್ನೆಲ್‌ಗೆ ಸರಿಸಮನಾಗಿರಬೇಕು. ಅದೇ ಕಾನ್ಫಿಗ್, ಅದೇ ಸೋರ್ಸ್, ಅದೇ ಕಂಪೈಲರ್. ‘ಪ್ರಾಕ್’ ಅಡಿಯ ವರ್ಷನ್ ಕಡತದಲ್ಲಿ ಕರ್ನೆಲ್ ಕಟ್ಟಿದ ಜಿಸಿಸಿಯ ಆವೃತ್ತಿ ಬರೆದಿರುತ್ತದೆ. ನಿಮ್ಮಲ್ಲಿ ಈಗಿರುವುದು ಅದೇ ಹೌದೋ ನೋಡಿ.

ಗಂಗಾವಳಿ (ಅಂಕೋಲಾ):

ನಾನು ವಿದ್ಯಾರ್ಥಿ, ನಡುವೆ ಪ್ರಶ್ನೆ ಕೇಳುವುದಕ್ಕೆ ಕ್ಷಮೆಯಿರಲಿ. ಪ್ಯಾಚ್ ಹಾಕುವ ಕ್ಷಣದಲ್ಲಿ ಯಾವುದೋ ಪ್ರಕ್ರಿಯೆ ಹಳೆಯ ಫಂಕ್ಷನ್‌ನ ಒಳಗೇ ಮಲಗಿದ್ದರೆ ಏನಾಗುತ್ತದೆ ಸರ್? ಅದು ಎದ್ದ ಮೇಲೆ ಅರ್ಧ ಹಳೆಯದು, ಅರ್ಧ ಹೊಸದು ಎಂದಾಗುವುದಿಲ್ಲವೇ?

ದೇವಿಮನೆ (ಶಿರಸಿ–ಕುಮಟಾ ದಾರಿ):

ಕ್ಷಮೆ ಏಕೆ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. 2008ರ ಕೆಸ್ಪ್ಲೈಸ್ ಎಂಬ ಲೈವ್ ಪ್ಯಾಚ್ ವ್ಯವಸ್ಥೆ ಇಡೀ ಯಂತ್ರವನ್ನು ಒಂದು ಕ್ಷಣ ನಿಲ್ಲಿಸಿ ಎಲ್ಲ ಸ್ಟ್ಯಾಕ್‌ಗಳನ್ನು ನೋಡುತ್ತಿತ್ತು. 2014ರಲ್ಲಿ ಸೂಸೆಯವರ ಕೆಗ್ರಾಫ್ಟ್ ಪ್ರಕ್ರಿಯೆಗಳನ್ನು ಒಂದೊಂದಾಗಿ ದಾಟಿಸುವ ಮಾರ್ಗ ಹಿಡಿಯಿತು, ರೆಡ್ ಹ್ಯಾಟ್‌ನವರ ಕೆಪ್ಯಾಚ್ ನಿಲ್ಲಿಸಿ ನೋಡುವ ಮಾರ್ಗವನ್ನೇ ಹಿಡಿಯಿತು. 2015ರ ಲಿನಕ್ಸ್ 4.0ರಲ್ಲಿ ಇಬ್ಬರಿಗೂ ಸಮಾನವಾದ ತಳಹದಿ ಕರ್ನೆಲ್ ಸೇರಿತು. 2017ರ 4.12ರಲ್ಲಿ ಎರಡೂ ಮಾರ್ಗಗಳನ್ನು ಕೂಡಿಸಿದ ಸುಸಂಗತತೆಯ ಕ್ರಮ ಬಂತು. ಈಗ ಪ್ರತಿ ಪ್ರಕ್ರಿಯೆಯೂ ಪ್ರತ್ಯೇಕವಾಗಿ ಹಳೆಯದರಿಂದ ಹೊಸದಕ್ಕೆ ದಾಟುತ್ತದೆ. ಮಲಗಿರುವ ಪ್ರಕ್ರಿಯೆಯ ಸ್ಟ್ಯಾಕ್‌ನಲ್ಲಿ ಬದಲಾಗಬೇಕಾದ ಯಾವ ಫಂಕ್ಷನ್ ಕೂಡ ಇಲ್ಲವೆಂದು ಖಚಿತವಾದರೆ ಅದನ್ನು ದಾಟಿಸುತ್ತಾರೆ, ಇದ್ದರೆ ಕಾಯುತ್ತಾರೆ. ದಾಟುವವರೆಗೆ ಆ ಪ್ರಕ್ರಿಯೆಗೆ ಹಳೆಯ ಫಂಕ್ಷನ್‌ಗಳೇ ಸಿಗುತ್ತವೆ, ಆದ್ದರಿಂದ ನೀವು ಹೇಳಿದ ಅರ್ಧಂಬರ್ಧ ಆಗುವುದಿಲ್ಲ.

ಇಲ್ಲಿ ‘ಖಚಿತ’ ಎನ್ನುವುದೇ ಭಾರವಾದ ಮಾತು. ಸ್ಟ್ಯಾಕ್ ಅನ್ನು ತಪ್ಪಿಲ್ಲದೆ ಓದಬಲ್ಲ ವ್ಯವಸ್ಥೆ ಇದ್ದರೆ ಮಾತ್ರ ಅದು ಸಾಧ್ಯ. ಎಕ್ಸ್86-64ರಲ್ಲಿ 2017ರ 4.14ರಿಂದ ಇರುವ ಓಆರ್‌ಸಿ ಎಂಬ ವ್ಯವಸ್ಥೆಯು ಪ್ರತಿ ಸೂಚನೆಯ ಹಂತದಲ್ಲಿ ಸ್ಟ್ಯಾಕ್ ಹೇಗಿರುತ್ತದೆ ಎಂಬ ಕೋಷ್ಟಕವನ್ನು ಇಟ್ಟುಕೊಂಡಿರುತ್ತದೆ. ಆ ಕೋಷ್ಟಕವನ್ನು ತಯಾರಿಸುವುದು ಆಬ್ಜ್‌ಟೂಲ್. ಲೈವ್ ಪ್ಯಾಚ್ ಸುರಕ್ಷಿತವಾಗಲೆಂದು ಸೇರಿಸಿದ ಆಯ್ಕೆಯು, ಲೈವ್ ಪ್ಯಾಚ್‌ನ ಸುರಕ್ಷತೆ ನಿಂತಿರುವ ಉಪಕರಣವನ್ನೇ ಗೊಂದಲಕ್ಕೆ ಕೆಡವಿತು. ಅದನ್ನು ತೆಗೆದದ್ದು ನ್ಯಾಯವೇ ಎಂದು ನನ್ನ ಎಣಿಕೆ.

ಅಘನಾಶಿನಿ (ಕುಮಟಾ):

ಆಬ್ಜೆಕ್ಟ್ ಹೋಲಿಕೆಯನ್ನೇನೋ ಹೊಗಳಿದಿರಿ, ಅದರ ತೊಡಕನ್ನೂ ಹೇಳಬೇಕಲ್ಲ. ಫೈಲಿನ ಮೇಲ್ಭಾಗದಲ್ಲಿ ಒಂದು ಸಾಲು ಸೇರಿಸಿ ನೋಡಿ. ಕೆಳಗಿನ ಫಂಕ್ಷನ್‌ಗಳಲ್ಲಿರುವ ಎಚ್ಚರಿಕೆಯ ಮ್ಯಾಕ್ರೋಗಳು ಸಾಲಿನ ಸಂಖ್ಯೆಯನ್ನು ಒಳಗೆ ಬರೆದಿಟ್ಟುಕೊಳ್ಳುತ್ತವೆ. 212 ಇದ್ದದ್ದು 213 ಆದ ಮಾತ್ರಕ್ಕೆ, ಏನೂ ಬದಲಾಗದ ಫಂಕ್ಷನ್ ಕೂಡ ಬದಲಾಗಿದೆಯೆಂದು ತೋರುತ್ತದೆ. ಕೆಪ್ಯಾಚ್‌ನವರು ಇದನ್ನು ಗುರುತಿಸಿ ಬಿಡಲು ವಿಶೇಷ ಏರ್ಪಾಡು ಮಾಡಿಕೊಂಡಿದ್ದಾರೆ, ಆದರೂ ಪಟ್ಟಿಯನ್ನು ಮನುಷ್ಯ ಓದಲೇಬೇಕು. ಪಟ್ಟಿ ಉದ್ದವಾದಷ್ಟೂ, ದಾಟಲು ಕಾಯುವ ಪ್ರಕ್ರಿಯೆಗಳ ಸಾಧ್ಯತೆಯೂ ಹೆಚ್ಚು.

ಎರಡನೆಯದಾಗಿ, ಯಾವ ಆಯ್ಕೆಯೂ ಯಾವ ಹೋಲಿಕೆಯೂ ಡೇಟಾದ ವಿಷಯದಲ್ಲಿ ಕೈಹಿಡಿಯುವುದಿಲ್ಲ. ತಿದ್ದುಪಡಿಯು ಸ್ಟ್ರಕ್ಚರ್‌ಗೆ ಹೊಸ ಅಂಶ ಸೇರಿಸಿದ್ದರೆ, ಈಗಾಗಲೇ ಮೆಮೊರಿಯಲ್ಲಿರುವ ಸಾವಿರಾರು ಹಳೆಯ ಪ್ರತಿಗಳಲ್ಲಿ ಅದಕ್ಕೆ ಜಾಗವಿಲ್ಲ.

ಕಾಳಿಸಂಗಮ (ಕಾರವಾರ):

ಎರಡೂ ಮಾತು ಒಪ್ಪತಕ್ಕವೇ. ಸ್ಟ್ರಕ್ಚರ್‌ಗೆ ಹೊಸ ಅಂಶ ಬೇಕಾದಾಗ ಶ್ಯಾಡೋ ವೇರಿಯಬಲ್ ಎಂಬ ಸೌಲಭ್ಯವಿದೆ, ಹಳೆಯ ಪ್ರತಿಯ ವಿಳಾಸವನ್ನು ಕೀಲಿಯಾಗಿಟ್ಟುಕೊಂಡು ಹೊಸ ಅಂಶವನ್ನು ಬೇರೆಡೆ ಇಡುತ್ತದೆ. ಆದರೆ ಅದನ್ನು ಯಂತ್ರ ಬರೆದುಕೊಡುವುದಿಲ್ಲ, ತಿದ್ದುಪಡಿಯನ್ನೇ ಬೇರೆ ರೀತಿ ಬರೆಯಬೇಕು. ಹಾಗೆ ಬರೆಯುವ ಸ್ಥಿತಿ ಬಂದರೆ ಶಾಲ್ಮಲಾತೀರ ಅವರು ನಿಮ್ಮ ಮಾತು ಕೇಳಿ ರಾತ್ರಿ ರೀಬೂಟ್ ಮಾಡುವುದೇ ಮೇಲು. ಇವರದು ಉದ್ದದ ಪರೀಕ್ಷೆ ಸೇರಿಸುವ ತಿದ್ದುಪಡಿ, ಡೇಟಾದ ರೂಪ ಬದಲಾಗುವುದಿಲ್ಲ. ಲೈವ್ ಪ್ಯಾಚ್‌ಗೆ ಇದಕ್ಕಿಂತ ಅನುಕೂಲವಾದ ಪ್ರಕರಣ ಸಿಗುವುದು ಕಡಿಮೆ.

ಪವರ್‌ಪಿಸಿ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಸೂಚನೆ: ಬದಲಾದ ಫಂಕ್ಷನ್‌ನ ಕೊನೆಯ ಕೆಲಸ ಇನ್ನೊಂದು ಫಂಕ್ಷನ್‌ಗೆ ನೇರವಾಗಿ ಜಿಗಿಯುವುದಾಗಿದ್ದರೆ ಕೆಪ್ಯಾಚ್-ಬಿಲ್ಡ್ ಅದನ್ನು ಒಪ್ಪುವುದಿಲ್ಲ. ಆ ಫಂಕ್ಷನ್‌ಗೆ ಮಾತ್ರ ‘-ಎಫ್‌ನೋ-ಆಪ್ಟಿಮೈಸ್-ಸಿಬ್ಲಿಂಗ್-ಕಾಲ್ಸ್’ ಹಚ್ಚಬೇಕಾಗುತ್ತದೆ.

ಶಾಲ್ಮಲಾತೀರ (ಶಿರಸಿ):

ಪರೀಕ್ಷೆಯ ಯಂತ್ರದಲ್ಲಿ ಮಾಡಿ ನೋಡಿದೆ, ವಿವರ ಹೇಳುತ್ತೇನೆ.

ಕರ್ನೆಲ್ ಕಟ್ಟಿದ ಮೇಲೆ ಜಿಸಿಸಿಯ ಪ್ಯಾಕೇಜ್ ನವೀಕರಣಗೊಂಡಿತ್ತು. ಕೆಪ್ಯಾಚ್-ಬಿಲ್ಡ್ ಆರಂಭದಲ್ಲೇ ಕಂಪೈಲರ್ ಹೊಂದುವುದಿಲ್ಲವೆಂದು ನಿಂತಿತು. ಆ ತಪಾಸಣೆಯನ್ನು ಬಿಟ್ಟು ಮುಂದುವರಿಯುವ ಆಯ್ಕೆಯೂ ಅದರಲ್ಲಿದೆ, ಅದನ್ನು ಬಳಸದೆ ಹಳೆಯ ಜಿಸಿಸಿಯನ್ನೇ ಒಂದು ಕಂಟೇನರ್‌ನಲ್ಲಿ ಹಾಕಿಕೊಂಡೆ.

ಹೋಲಿಕೆಯಲ್ಲಿ ಬದಲಾದವೆಂದು ಬಂದದ್ದರಲ್ಲಿ ಐಎಸ್‌ಆರ್‌ಎ ಮತ್ತು ಕಾನ್ಸ್ಟ್‌ಪ್ರಾಪ್ ಬಾಲದ ಎರಡು ಫಂಕ್ಷನ್‌ಗಳು ಇದ್ದವು. ಕಾಣೆಯಾಗಿದ್ದ ಮೂರನೆಯದು ಕರಗಿದ್ದ ಕರೆಗಾರರೂ ಬಂದರು, ಅವರಲ್ಲೊಬ್ಬ ಬೇರೆಯೇ ಫೈಲಿನವನು. ಆ ಮೂರನೆಯ ಫಂಕ್ಷನ್ ಹೆಡರ್ ಫೈಲಿನಲ್ಲಿ ಇದ್ದುದರಿಂದ ಹಾಗಾಗಿದೆ, ಕೈಯಿಂದ ಪಟ್ಟಿ ಮಾಡಿದ್ದರೆ ಅದು ಖಂಡಿತ ಬಿಟ್ಟುಹೋಗುತ್ತಿತ್ತು. ಇವೆಲ್ಲದರ ಜೊತೆಗೆ, ಸೋರ್ಸ್‌ನಲ್ಲಿ ಮುಟ್ಟದ ಇನ್ನೊಂದು ಫಂಕ್ಷನ್ ಕೂಡ ಪಟ್ಟಿಯಲ್ಲಿತ್ತು. ಎರಡೂ ಆಬ್ಜೆಕ್ಟ್‌ಗಳನ್ನು ಬಿಡಿಸಿ ಪಕ್ಕಪಕ್ಕ ಇಟ್ಟು ನೋಡಿದರೆ, ಹಳೆಯದರಲ್ಲಿ ಕರೆಗೆ ಮುಂಚೆ ಸ್ಟ್ರಕ್ಚರ್‌ನಿಂದ ಉದ್ದವನ್ನು ಓದಿ ಆ ಸಂಖ್ಯೆಯನ್ನು ರಿಜಿಸ್ಟರ್‌ಗೆ ಹಾಕುತ್ತಿತ್ತು, ಹೊಸದರಲ್ಲಿ ಪಾಯಿಂಟರ್ ಅನ್ನೇ ಕಳಿಸುತ್ತಿದೆ. ತಿದ್ದಿದ ಫಂಕ್ಷನ್‌ಗೆ ಈಗ ಸ್ಟ್ರಕ್ಚರ್‌ನ ಇನ್ನೂ ಒಂದು ಅಂಶ ಬೇಕಾದ್ದರಿಂದ ಐಎಸ್‌ಆರ್‌ಎ ಬಾಲವೇ ಹೊಸದರಲ್ಲಿ ಬಿದ್ದುಹೋಗಿದೆ.

ಮಾಡ್ಯೂಲ್ ಹಾಕಿದ ಮೇಲೆ ‘ಟ್ರಾನ್ಸಿಷನ್’ ಕಡತ ಸ್ವಲ್ಪ ಹೊತ್ತು 1 ಎಂದೇ, ಅಂದರೆ ದಾಟುವುದು ಇನ್ನೂ ಮುಗಿದಿಲ್ಲವೆಂದೇ, ತೋರಿಸುತ್ತಿತ್ತು. ಪ್ರಕ್ರಿಯೆಗಳ ‘ಪ್ಯಾಚ್_ಸ್ಟೇಟ್’ ಓದುತ್ತ ಹೋದಾಗ ಒಂದರಲ್ಲಿ ಮಾತ್ರ 0 (ಇನ್ನೂ ದಾಟಿಲ್ಲ) ಇತ್ತು, ಅದು ಬ್ಯಾಕಪ್‌ನ ಸಂಪರ್ಕ ಹಿಡಿದು ಮಲಗಿದ್ದ ಪ್ರಕ್ರಿಯೆ. ಅದರ ಸ್ಟ್ಯಾಕ್ ನೋಡಿದರೆ ಬದಲಾದ ಕರೆಗಾರರಲ್ಲೊಬ್ಬ ಅಲ್ಲಿಯೇ ಕುಳಿತಿದ್ದ. ಬಲವಂತವಾಗಿ ದಾಟಿಸುವ ‘ಫೋರ್ಸ್’ ಕಡತದ ಬಗ್ಗೆ ನಿಮ್ಮ ಅಭಿಪ್ರಾಯವೇನು?

ಕಾಳಿಸಂಗಮ (ಕಾರವಾರ):

ಮುಟ್ಟಬೇಡಿ. ಸ್ಟ್ಯಾಕ್‌ನಲ್ಲಿ ಹಳೆಯ ಫಂಕ್ಷನ್ ಇದ್ದಾಗಲೇ ದಾಟಿಸಿದರೆ ಇಲ್ಲಿಯವರೆಗೆ ಮಾತಾಡಿದ್ದೆಲ್ಲ ವ್ಯರ್ಥ, ಆಮೇಲೆ ಆ ಮಾಡ್ಯೂಲ್ ಅನ್ನು ತೆಗೆಯಲೂ ಕರ್ನೆಲ್ ಬಿಡುವುದಿಲ್ಲ. ದಾಟದೆ ಉಳಿದವುಗಳಿಗೆ ಕರ್ನೆಲ್ ತಾನೇ 15 ಸೆಕೆಂಡಿಗೊಮ್ಮೆ ಹುಸಿ ಸಿಗ್ನಲ್ ಕೊಟ್ಟು ಎಬ್ಬಿಸಲು ನೋಡುತ್ತದೆ. ಅದರಿಂದಲೂ ಏಳದಿದ್ದರೆ ಬ್ಯಾಕಪ್ ಸೇವೆಯೊಂದನ್ನೇ ನಿಲ್ಲಿಸಿ ಮತ್ತೆ ಆರಂಭಿಸಿ.

ಮುಂದಿನ ಕರ್ನೆಲ್ ಕಟ್ಟುವಾಗ ‘-ಎಫ್‌ಲೈವ್-ಪ್ಯಾಚಿಂಗ್’ ಸೇರಿಸಬೇಕಾಗಿಲ್ಲ. ಅದರ ಬದಲು ‘-ಎಫ್‌ಡಂಪ್-ಐಪಿಎ-ಕ್ಲೋನ್ಸ್’ ಹಾಕಿಡಿ. ಅದು ಕೋಡನ್ನು ಬದಲಿಸುವುದಿಲ್ಲ, ಯಾವ ಫಂಕ್ಷನ್ ಎಲ್ಲಿ ಕರಗಿತು, ಯಾವುದರ ಪ್ರತಿ ಯಾವ ಹೆಸರಿನಲ್ಲಿ ಹುಟ್ಟಿತು ಎಂಬುದನ್ನು ಪ್ರತಿ ಫೈಲಿಗೆ ಬರೆದಿಡುತ್ತದೆ. ಹೋಲಿಕೆಯಿಂದ ಬಂದ ಪಟ್ಟಿಯನ್ನು ಅದರೊಡನೆ ತಾಳೆ ನೋಡಬಹುದು. ಕಟ್ಟಿದ ಕಂಟೇನರ್, ಕಾನ್ಫಿಗ್, ಡಿಬಗ್ ಮಾಹಿತಿಯಿರುವ ವಿಎಮ್‌ಲಿನಕ್ಸ್ (ಕಟ್ಟಿದ ಕರ್ನೆಲ್‌ನ ಕಡತ), ಮೂರನ್ನೂ ಆ ಕರ್ನೆಲ್ ಓಡುತ್ತಿರುವಷ್ಟು ಕಾಲ ತೆಗೆದಿಡಿ.

ಅಘನಾಶಿನಿ (ಕುಮಟಾ):

ರೀಬೂಟ್ ಪಕ್ಷವನ್ನು ನಾನು ಬಿಟ್ಟಿಲ್ಲ. ಆದರೂ ಕೇಳುತ್ತೇನೆ: ಇದೇ ಫೈಲಿಗೆ ಮುಂದಿನ ವಾರ ಎರಡನೆಯ ತಿದ್ದುಪಡಿ ಬಂದರೆ ಒಂದರ ಮೇಲೊಂದು ಹೇರುತ್ತೀರೇನು?

ಕಾಳಿಸಂಗಮ (ಕಾರವಾರ):

ಹೇರಬಾರದು. ಲಿನಕ್ಸ್ 5.1ರಿಂದ ‘ರಿಪ್ಲೇಸ್’ ಎಂಬ ಗುರುತು ಇದೆ. ಎರಡೂ ತಿದ್ದುಪಡಿಗಳನ್ನು ಒಟ್ಟುಗೂಡಿಸಿ ಮೂಲ ಕರ್ನೆಲ್‌ನ ಎದುರಿಗೇ ಹೋಲಿಸಿ ಕಟ್ಟಿದರೆ, ಹೊಸ ಮಾಡ್ಯೂಲ್ ಹಳೆಯದನ್ನು ಒಂದೇ ಏಟಿಗೆ ಬದಲಿಸುತ್ತದೆ. ಕೆಪ್ಯಾಚ್-ಬಿಲ್ಡ್ ಈ ಗುರುತನ್ನು ತಾನಾಗಿಯೇ ಹಾಕುತ್ತದೆ. ಒಂದು ಎಚ್ಚರ ಬೇಕು: ಹಳೆಯ ಮಾಡ್ಯೂಲ್‌ನಲ್ಲಿ ಹಾಕುವಾಗ, ತೆಗೆಯುವಾಗ ನಡೆಯಬೇಕೆಂದು ಬರೆದ ಕಾಲ್‌ಬ್ಯಾಕ್‌ಗಳಿದ್ದರೆ, ಈ ರೀತಿ ಬದಲಾಗುವಾಗ ಅವು ನಡೆಯುವುದಿಲ್ಲ, ಹೊಸದರವು ಮಾತ್ರ ನಡೆಯುತ್ತವೆ.

ಶಾಲ್ಮಲಾತೀರ (ಶಿರಸಿ):

ನನ್ನ ಮಾಡ್ಯೂಲ್‌ನಲ್ಲಿ ಕಾಲ್‌ಬ್ಯಾಕ್ ಇಲ್ಲ. ಬ್ಯಾಕಪ್ ಸೇವೆಯನ್ನು ನಿಲ್ಲಿಸಿ ಆರಂಭಿಸಿದ ಕೂಡಲೇ ಟ್ರಾನ್ಸಿಷನ್ 0 ಆಯಿತು. ಸೀರಿಯಲ್ ಕಾರ್ಡ್ ಇರುವ ಯಂತ್ರಕ್ಕೆ ಇವತ್ತು ಟೆಂಡರ್ ಮುಗಿದ ಮೇಲೆ ಇದನ್ನೇ ಹಾಕುತ್ತೇನೆ, ಹಾಕುವ ಮುನ್ನ ಬ್ಯಾಕಪ್ ಅನ್ನು ನಿಲ್ಲಿಸಿಟ್ಟಿರುತ್ತೇನೆ. ಬದಲಾದ ಫಂಕ್ಷನ್‌ಗಳ ಪಟ್ಟಿಯನ್ನು ಹೆಸರುಗಳ ಸಮೇತ ನಾಳೆ ಇಲ್ಲಿಯೇ ಹಾಕುತ್ತೇನೆ. ಸೋರ್ಸ್‌ನಲ್ಲಿ ಮುಟ್ಟದೆ ಬದಲಾದ ಆ ಒಂದನ್ನು ದೇವಿಮನೆ ಸರ್ ಒಮ್ಮೆ ನೋಡಿಕೊಟ್ಟರೆ ಉಪಕಾರವಾಗುತ್ತದೆ.